ಒಲಿಯುವುದು, ಒಲಿಸುವುದು

ಕನ್ನಡದಲ್ಲಿ ‘ಒಲಿ’ ಎಂಬ ಚಿಕ್ಕ ಕ್ರಿಯಾಪದವಿದೆ. ಅದಕ್ಕೆ ‘ಇಸು’ ಸೇರಿಸಿದರೆ ‘ಒಲಿಸು’ ಆಗುತ್ತದೆ. ದೇವರು ಒಲಿದ ಎನ್ನುವಾಗ ವಾಕ್ಯದ ಯಜಮಾನ ದೇವರು. ನಾನು ಮಾಡಿದ್ದು ಬಿಟ್ಟಿದ್ದು ಯಾವುದೂ ಆ ವಾಕ್ಯದೊಳಗಿಲ್ಲ. ದೇವರನ್ನು ಒಲಿಸಿದೆ ಎನ್ನುವಾಗ ಯಜಮಾನಿಕೆ ನನ್ನ ಕಡೆ ಬರುತ್ತದೆ. ನಾನೇನೋ ಮಾಡಿದೆ, ಆದ್ದರಿಂದ ಅವನು ಮಣಿದ. ಒಂದು ಪ್ರತ್ಯಯದಷ್ಟು ಅಂತರ. ಕ್ರೈಸ್ತಧರ್ಮ ಹುಟ್ಟಿದ ಮೊದಲ ತಲೆಮಾರಿನಿಂದ ಇವತ್ತಿನವರೆಗೆ ತನ್ನೊಳಗೆ ನಡೆಸಿಕೊಂಡು ಬಂದ ಬಹುದೊಡ್ಡ ಜಗಳವೊಂದು ಈ ಪ್ರತ್ಯಯದ ಸುತ್ತಲೇ ಇದೆ: ಮನುಷ್ಯ ಉದ್ಧಾರವಾಗುವುದು ದೇವರು ಒಲಿಯುವುದರಿಂದಲೋ, ನೇಮನಿಷ್ಠೆಯಿಂದ ಅವನನ್ನು ಒಲಿಸಿಕೊಳ್ಳುವುದರಿಂದಲೋ?

ಹತ್ತೊಂಬತ್ತನೆಯ ಶತಮಾನದ ಮಿಷನರಿ ಕನ್ನಡ ನನ್ನ ಸಂಶೋಧನೆಯ ವಿಷಯ. ಹಾಗಾಗಿ ಈ ಪ್ರಶ್ನೆ ನನಗೆ ಮೊದಲು ಎದುರಾದದ್ದು ಪುಸ್ತಕದಲ್ಲಿ. ಆದರೆ ಅದರ ಬಿಸಿ ತಟ್ಟಿದ್ದು ನಮ್ಮ ಮನೆಯ ಕಟ್ಟೆಯ ಮೇಲೆ. ಎರಡನ್ನೂ ಸೇರಿಸಿಯೇ ಹೇಳಬೇಕು.

ನಮ್ಮೂರು ಹೂಲಿ, ಸವದತ್ತಿ ತಾಲ್ಲೂಕು. ಗುಡ್ಡದ ಬುಡದಲ್ಲಿ ಪಾಳುಬಿದ್ದ ಗುಡಿಗಳ ಸಾಲು, ಊರಲ್ಲಿ ಪಂಚಲಿಂಗೇಶ್ವರ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಇದು ‘ಪೂಲಿ’, ಸಾವಿರ ಮಹಾಜನರ ಅಗ್ರಹಾರ. ಅವೇ ದಿನಗಳಲ್ಲಿ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬರುವವರೆಗೂ ಅಪ್ಪನ ಹೊಲದಲ್ಲಿ ಯಾರಿಗೆ ಎಷ್ಟು ಪಾಲು ಎಂದು ದೇಶದ ಹೆಚ್ಚಿನ ಕೋರ್ಟುಗಳು ತೀರ್ಮಾನಿಸುತ್ತಿದ್ದುದು ಆ ಗ್ರಂಥವನ್ನು ಮುಂದಿಟ್ಟುಕೊಂಡೇ. ಧರ್ಮಶಾಸ್ತ್ರ ಎಂಬ ಮಾತು ನಮ್ಮ ಕಡೆ ಗಾಳಿಯಲ್ಲಿನ ತತ್ವವಲ್ಲ. ಕಲ್ಲಿನಲ್ಲಿ, ಕಾಗದದಲ್ಲಿ, ಊರಿನ ಓಣಿಗಳು ಹಂಚಿಹೋದ ರೀತಿಯಲ್ಲಿ ಕೂತಿರುವ ಮಾತು. ದಾನಶಾಸನಗಳ ಕೊನೆಗೊಂದು ಶಾಪ ಇರುವುದನ್ನು ಓದುಗರು ನೋಡಿರಬಹುದು. ಈ ದಾನವನ್ನು ಕೆಡಿಸಿದವನು ಹುಳುವಾಗಿ ಹುಟ್ಟುತ್ತಾನೆ, ಕಾಶಿಯಲ್ಲಿ ಗೋವು ಕೊಂದ ಪಾಪಕ್ಕೆ ಹೋಗುತ್ತಾನೆ ಎಂಬ ಬಗೆಯವು. ಕೊಟ್ಟಿದ್ದಕ್ಕೂ ಕಾವಲು ಬೇಕು, ಕಾವಲಿಗೆ ಭಯ ಬೇಕು.

ಅದು ಕಲ್ಲಿನ ಕತೆ. ಇನ್ನೊಂದು ಕಡೆ ಗುಡ್ಡದ ಕತೆ. ನಮ್ಮ ಕಡೆ ‘ಗುಡ್ಡಕ್ಕೆ ಹೋಗೋದು’ ಎಂದರೆ ಯಲ್ಲಮ್ಮನ ಗುಡ್ಡಕ್ಕೆ ಹೋಗುವುದು. ಬನದ ಹುಣ್ಣಿಮೆಗೆ, ಭರತ ಹುಣ್ಣಿಮೆಗೆ ಚಕ್ಕಡಿಗಳು, ಟ್ರ್ಯಾಕ್ಟರುಗಳು, ಉಧೋ ಉಧೋ ಎನ್ನುವ ಕೂಗು, ಜೋಗುಳಬಾವಿಯ ನೀರು, ಭಂಡಾರದ ಹಳದಿ, ಹೋಳಿಗೆ ಕಡುಬು ತುಂಬಿದ ಪರಡಿ. ಚಿಕ್ಕಂದಿನಲ್ಲಿ ನನಗೆ ಅದು ಬರೀ ಜಾತ್ರೆ. ದೊಡ್ಡವರಿಗೆ ಅದು ಜಾತ್ರೆಯೂ ಹೌದು, ಲೆಕ್ಕ ಮುಟ್ಟಿಸುವ ದಿನವೂ ಹೌದು. ಹರಕೆ ಹೊರುವುದು, ಹರಕೆ ಮುಟ್ಟಿಸುವುದು ಎನ್ನುತ್ತೇವೆ. ಹೊರುವುದು, ಮುಟ್ಟಿಸುವುದು: ಎರಡೂ ಹೊರೆಗೆ ಸಂಬಂಧಿಸಿದ ಮಾತುಗಳು.

ನಮ್ಮ ಆಯಿ, ಅಂದರೆ ಅವ್ವನ ತಾಯಿ, ಒಂದು ಹರಕೆ ಹೊತ್ತಿದ್ದಳು. ಚಿಗವ್ವ ಕೂಸಿದ್ದಾಗ ಜ್ವರ ನೆತ್ತಿಗೇರಿ ಉಳಿಯುವುದಿಲ್ಲ ಎಂದಾಯಿತಂತೆ. ಮಗು ಉಳಿದರೆ ಐದು ವರ್ಷ ಗುಡ್ಡಕ್ಕೆ ನಡೆದು ಬಂದು ದೀಡ ನಮಸ್ಕಾರ ಹಾಕಿ ಪರಡಿ ತುಂಬಿಸುತ್ತೇನೆ ಎಂದಳು. ಮಗು ಉಳಿಯಿತು. ಮೂರು ವರ್ಷ ಹೋದಳು. ಆಮೇಲೆ ಬರ ಬಂತು, ಎತ್ತು ಮಾರಿದರು, ಆಯಿಯ ಮೊಣಕಾಲು ಹೋದವು. ಎರಡು ವರ್ಷ ಉಳಿದುಹೋಯಿತು. ಆಯಿ ತೀರಿಕೊಂಡ ಮೇಲೆ ಆ ಎರಡು ವರ್ಷ ಚಿಗವ್ವನ ಪಾಲಿಗೆ ಬಂತು. ಅವಳ ಮನೆಯಲ್ಲಿ ಏನು ಕೆಟ್ಟರೂ ಆ ಖಾತೆಗೇ ಬೀಳುತ್ತಿತ್ತು. ಎರಡು ಬಸಿರು ಇಳಿದದ್ದು, ಮಗ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡದ್ದು, ಮೂರು ವರ್ಷದ ಹಿಂದೆ ಅವಳಿಗೇ ಗರ್ಭಕೋಶದ ಆಪರೇಷನ್ ಆದದ್ದು, ಎಲ್ಲವೂ ಬಡ್ಡಿ. “ನಮ್ಮವ್ವ ಹೊತ್ತ ಹರಕಿ ಹಂಗ ಉಳದೈತಿ ತಮ್ಮಾ. ಬಾಕಿ ಅಂದಮ್ಯಾಲ ಬಾಕೀನ. ಆಕಿ ಬಿಡತಾಳೇನು?” ಎನ್ನುತ್ತಿದ್ದಳು.

ಇದನ್ನು ಮೂಢನಂಬಿಕೆ ಎಂದು ಕರೆದು ಮುಂದೆ ಹೋಗುವುದು ಸುಲಭ. ಆದರೆ ಈ ಲೆಕ್ಕದ ಭಾಷೆ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ನಮ್ಮ ಗುಡ್ಡ ನೋಡಿದೆ. ಹರಕೆಯ ಹೆಸರಿನಲ್ಲಿ, ಮನೆಗೆ ತಟ್ಟಿದ ಕಾಟ ಕಳೆಯಲಿ ಎಂದು, ಬಡವರ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸಿದರು. ಹೆಚ್ಚಿನವರು ದಲಿತ ಕೇರಿಗಳ ಮಕ್ಕಳು. ದೊಡ್ಡವರು ಹೊತ್ತ ಬಾಕಿಯನ್ನು ಮಗಳು ಜೀವಮಾನವಿಡೀ ತನ್ನ ಮೈಯಿಂದ ತೀರಿಸಬೇಕಾಯಿತು. ಅದನ್ನು ನಿಲ್ಲಿಸಲು ಕರ್ನಾಟಕ 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ತರಬೇಕಾಯಿತು. ಗುಡ್ಡಕ್ಕೆ ಬರುವ ಲಕ್ಷಾಂತರ ಜನರ ಭಕ್ತಿಯನ್ನೆಲ್ಲ ಇದೇ ತಕ್ಕಡಿಯಲ್ಲಿ ತೂಗಬಾರದು. ಅಲ್ಲಿ ಹಾಡಿದೆ, ಕುಣಿತವಿದೆ, ಗಂಡನ ಮನೆಯಲ್ಲಿ ಬಾಯಿ ಬಿಡದ ಹೆಂಗಸರು ಮೈದುಂಬಿ ಮಾತಾಡುವ ಒಂದು ದಿನವಿದೆ. ಆದರೂ ಬಾಕಿ ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾಗದು.

ಚಿಗವ್ವನ ಜೊತೆ ಹೊಲದ ಕೆಲಸಕ್ಕೆ ಬರುವ ಒಬ್ಬ ಹೆಂಗಸು ಕೆಲವು ವರ್ಷಗಳಿಂದ ಪ್ರಾರ್ಥನೆ ಕೂಟಕ್ಕೆ ಹೋಗುತ್ತಾಳೆ. ಹತ್ತಿ ಬಿಡಿಸುವಾಗ ಅವಳು ಚಿಗವ್ವನಿಗೆ ಹೇಳಿದ್ದಿಷ್ಟು: “ನಿನ್ನ ಬಾಕಿ ಎಲ್ಲಾ ಅವ ಶಿಲುಬಿ ಮ್ಯಾಲ ತೀರಿಸ್ಯಾನ. ನೀ ಕೊಡೂದು ಏನೂ ಉಳದಿಲ್ಲ. ನಂಬಿದ್ರ ಸಾಕು.” ಇದಕ್ಕಿಂತ ಚಿಕ್ಕದಾಗಿ ಪೌಲನ ಸಿದ್ಧಾಂತವನ್ನು ಯಾವ ಪ್ರೊಫೆಸರರೂ ಹೇಳಿದ್ದನ್ನು ನಾನು ಕೇಳಿಲ್ಲ. ಚಿಗವ್ವ ನನ್ನ ಬ್ಯಾಗಿನಲ್ಲಿ ಬೈಬಲ್ ಇರುವುದನ್ನು ನೋಡಿದ್ದಳು. “ನೀ ಓದೂದು ಅದನ್ನ ಅಲ್ಲೇನು? ಅದರಾಗ ಹಂಗ ಬರದೈತೇನು?” ಎಂದು ಕೇಳಿದಳು.

ಬರೆದಿದೆ. ಆದರೆ ಎಲ್ಲಿ, ಯಾವ ಜಗಳದ ನಡುವೆ ಬರೆದಿದೆ ಎಂಬುದು ಮುಖ್ಯ. ಕ್ರಿಸ್ತಶಕ ಮೊದಲ ಶತಮಾನದ ನಡುಭಾಗದಲ್ಲಿ ಪೌಲ ಗಲಾತ್ಯದ ಸಭೆಗಳಿಗೆ ಸಿಟ್ಟಿನಲ್ಲಿ ಒಂದು ಪತ್ರ ಬರೆದ. ಆಗ ಯೇಸುವನ್ನು ನಂಬಿದ ಮೊದಲಿಗರೆಲ್ಲ ಯೆಹೂದ್ಯರು. ಹೊಸದಾಗಿ ಬರುತ್ತಿದ್ದವರು ಬೇರೆ ಜನಾಂಗದವರು. ಅವರು ಸುನ್ನತಿ ಮಾಡಿಸಿಕೊಳ್ಳಬೇಕೋ, ಊಟದ ಮಡಿ ಪಾಲಿಸಬೇಕೋ ಎಂಬುದು ಪ್ರಶ್ನೆ. ಅದೇ ಪತ್ರದಲ್ಲಿ ಅಂತಿಯೋಕ್ಯದ ಒಂದು ಘಟನೆ ಬರುತ್ತದೆ. ಯೇಸುವಿನ ಹಿರಿಯ ಶಿಷ್ಯ ಪೇತ್ರ ಅಲ್ಲಿ ಅನ್ಯಜನರೊಂದಿಗೆ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನಿಂದ ಯಾಕೋಬನ ಕಡೆಯವರು ಬಂದ ಮೇಲೆ ಅಂಜಿ ಪಂಕ್ತಿಯಿಂದ ಎದ್ದು ದೂರ ಸರಿದ. ಪೌಲ ಎಲ್ಲರ ಎದುರಿಗೇ ಅವನನ್ನು ತರಾಟೆಗೆ ತೆಗೆದುಕೊಂಡ. ಮನುಷ್ಯ ದೇವರ ಮುಂದೆ ನೀತಿವಂತನೆನಿಸಿಕೊಳ್ಳುವುದು ನೇಮನಿಷ್ಠೆಗಳಿಂದಲ್ಲ, ಕ್ರಿಸ್ತನ ಮೇಲಣ ನಂಬಿಕೆಯಿಂದ ಎಂಬ ಮಾತು ಆ ಊಟದ ಜಗಳದ ಬೆನ್ನಿಗೇ ಬರುತ್ತದೆ.

ಯಾರು ಯಾರ ಪಕ್ಕ ಕೂತು ಉಣ್ಣಬೇಕು ಎಂಬ ಜಗಳ! ಜರ್ಮನಿಯ ಅಥವಾ ಅಮೆರಿಕದ ಓದುಗನಿಗೆ ಇದು ಸಿದ್ಧಾಂತಕ್ಕೆ ಮುನ್ನುಡಿಯಂತೆ ಕಂಡೀತು. ಸವದತ್ತಿ ತಾಲ್ಲೂಕಿನ ಓದುಗನಿಗೆ ಇದೇ ಸಿದ್ಧಾಂತ. ಪಂಕ್ತಿಭೇದ ಎಂದರೇನು, ಒಬ್ಬ ಮನುಷ್ಯ ಬಂದೊಡನೆ ಇನ್ನೊಬ್ಬ ಎದ್ದು ಹೋಗುವುದೆಂದರೇನು ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಹನ್ನೆರಡನೆಯ ಶತಮಾನದ ಶರಣರ ದಾಸೋಹವನ್ನು ನಮ್ಮ ಕಡೆ ಇವತ್ತಿಗೂ ಮೊದಲು ನೆನೆಯುವುದು ಸಹಪಂಕ್ತಿಗಾಗಿ. ಹಾಗಾಗಿ ಪೌಲನ ವಾದವನ್ನು ನಾನು ಹೀಗೆ ಓದುತ್ತೇನೆ: ದೇವರು ಒಬ್ಬನನ್ನು ತನ್ನ ಮನೆಗೆ ಕರೆಯುವಾಗ ಅವನ ಯೋಗ್ಯತೆ ನೋಡಲಿಲ್ಲ ಎಂದ ಮೇಲೆ, ಅದೇ ಮನೆಯಲ್ಲಿ ಕೂತ ನೀನು ಯೋಗ್ಯತೆ ನೋಡಿ ಎಲೆ ಹಾಕುವಂತಿಲ್ಲ.

ಇಲ್ಲೊಂದು ಎಚ್ಚರ ಬೇಕು. ಪೌಲ ‘ನೊಮೊಸ್’ ಎಂಬ ಗ್ರೀಕ್ ಪದದಿಂದ ಹೇಳುತ್ತಿದ್ದುದು ಯೆಹೂದ್ಯರ ತೋರಾವನ್ನು. ಕನ್ನಡ ಬೈಬಲಿನ ಬೇರೆ ಬೇರೆ ಅನುವಾದಗಳಲ್ಲಿ ಅದು ಧರ್ಮಶಾಸ್ತ್ರ, ಧರ್ಮಪ್ರಮಾಣ, ನ್ಯಾಯಪ್ರಮಾಣ ಎಂದೆಲ್ಲ ಆಗಿದೆ. ಧರ್ಮಶಾಸ್ತ್ರ ಎಂದು ಓದಿದ ಕನ್ನಡಿಗನ ಕಿವಿಗೆ ಮೋಶೆ ಕೇಳಿಸುವುದಿಲ್ಲ. ಮನು, ಯಾಜ್ಞವಲ್ಕ್ಯ ಕೇಳಿಸುತ್ತಾರೆ. ಇದರಿಂದ ಲಾಭವೂ ಆಯಿತು, ನಷ್ಟವೂ ಆಯಿತು. ಲಾಭವೆಂದರೆ, ಎಂದೋ ಎಲ್ಲೋ ನಡೆದ ಜಗಳ ಇಲ್ಲಿನ ಅಗ್ರಹಾರಕ್ಕೂ ಕೇರಿಗೂ ನೇರವಾಗಿ ಬಂದು ತಾಗಿತು. ನಷ್ಟವೆಂದರೆ, ಯೆಹೂದ್ಯ ಧರ್ಮ ಬರೀ ಕಟ್ಟಳೆಗಳ ಒಣ ಧರ್ಮ ಎಂಬ ತಪ್ಪು ಚಿತ್ರ ನಮಗೂ ಬಂತು. ತೋರಾದ ಕತೆಯಲ್ಲಿ ದೇವರು ಮೊದಲು ಐಗುಪ್ತದ ಗುಲಾಮಗಿರಿಯಿಂದ ಜನರನ್ನು ಬಿಡಿಸುತ್ತಾನೆ, ಆಮೇಲೆ ಸೀನಾಯಿ ಬೆಟ್ಟದಲ್ಲಿ ಆಜ್ಞೆ ಕೊಡುತ್ತಾನೆ. ಬಿಡುಗಡೆ ಮೊದಲು, ನೇಮ ಆಮೇಲೆ. 1977ರಲ್ಲಿ ಇ. ಪಿ. ಸ್ಯಾಂಡರ್ಸ್ ಪೌಲನ ಕಾಲದ ಯೆಹೂದ್ಯ ಬರಹಗಳನ್ನೆಲ್ಲ ಜಾಲಾಡಿ ಹೇಳಿದ್ದು ಇದನ್ನೇ: ಅವರು ನೇಮ ಪಾಲಿಸುತ್ತಿದ್ದುದು ದೇವರ ಮನೆಯ ಬಾಗಿಲು ತೆರೆಸಲಿಕ್ಕಲ್ಲ, ಆಗಲೇ ಒಳಗಿದ್ದವರು ಒಳಗೇ ಉಳಿಯಲಿಕ್ಕೆ. ಅವರ ದೇವರೂ ಮೊದಲು ಒಲಿದ ದೇವರೇ.

ಹಾಗಾದರೆ ‘ನೇಮದಿಂದ ದೇವರನ್ನು ಒಲಿಸಲಾಗದು’ ಎಂಬ ಆತಂಕ ಇಷ್ಟು ಗಾಢವಾದದ್ದು ಯಾವಾಗ? ಅದರ ದೊಡ್ಡ ಪಾಲು ಹದಿನಾರನೆಯ ಶತಮಾನದ ಒಬ್ಬ ಸನ್ಯಾಸಿಯದು. ಮಾರ್ಟಿನ್ ಲೂಥರ್ ಮಠದ ನೇಮಗಳನ್ನು ಅಕ್ಷರಶಃ ಪಾಲಿಸಿಯೂ ನೆಮ್ಮದಿ ಕಾಣದವನು. ಎಷ್ಟು ಉಪವಾಸ ಮಾಡಿದರೆ ಸಾಕು, ಎಷ್ಟು ಪಾಪ ನಿವೇದಿಸಿದರೆ ಮುಗಿಯಿತು ಎಂಬುದಕ್ಕೆ ಉತ್ತರ ಸಿಗದೆ ರೋಮಾಪುರದವರಿಗೆ ಪೌಲ ಬರೆದ ಪತ್ರದಲ್ಲಿ ಉತ್ತರ ಹುಡುಕಿದ. 1517ರಲ್ಲಿ ಅವನು ಎದ್ದದ್ದು ಪಾಪದ ದಂಡಕ್ಕೆ ರಿಯಾಯಿತಿ ಕೊಡುವ ಪತ್ರಗಳ ಮಾರಾಟದ ವಿರುದ್ಧ. ಬಾಕಿ ತೀರಿಸಲು ದುಡ್ಡು, ದುಡ್ಡಿಗೆ ರಸೀದಿ. ಲೂಥರನ ಮಠದಿಂದ ನಮ್ಮ ಚಿಗವ್ವನ ಕಟ್ಟೆಗೆ ಐನೂರು ವರ್ಷಗಳ ದೂರವಿದ್ದರೂ ಇಬ್ಬರೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಇದು ಮುಗಿಯುವುದು ಯಾವಾಗ? ಆ ಒಡಕು ವಾಸಿಯಾಗಲು ಬಹಳ ಕಾಲ ಹಿಡಿಯಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಲೂಥರನ್ ಒಕ್ಕೂಟವೂ ಕಥೋಲಿಕ ಸಭೆಯೂ ಕೂತು, ಮನುಷ್ಯ ದೇವರಿಗೆ ಒಪ್ಪಿತನಾಗುವುದು ಕೃಪೆಯಿಂದಲೇ ಎಂಬ ಜಂಟಿ ಘೋಷಣೆಗೆ ಸಹಿ ಹಾಕಿದವು.

ಈ ಕೃಪೆ ಎಂಬ ಪದವನ್ನೂ ಸ್ವಲ್ಪ ನೋಡಬೇಕು. ಪೌಲನ ಗ್ರೀಕಿನಲ್ಲಿ ಅದು ‘ಖಾರಿಸ್’. ಮೊದಲ ಅರ್ಥ ಉಡುಗೊರೆ, ಉಪಕಾರ. ಕನ್ನಡದ ಪ್ರಾಟೆಸ್ಟೆಂಟರು ಕೃಪೆ ಎಂದರು, ಕಥೋಲಿಕರು ವರಪ್ರಸಾದ ಎಂದರು. ಕೃಪೆ ಮೇಲಿನವನು ಕೆಳಗಿನವನ ಕಡೆ ನೋಡುವ ನೋಟ. ಪ್ರಸಾದ ಕೈಗೆ ಬರುವ ವಸ್ತು, ಬಾಯಿಗೆ ಹೋಗುವ ವಸ್ತು. ಲಿಂಗಾಯತರ ಅಷ್ಟಾವರಣದಲ್ಲಿ ಪ್ರಸಾದವಿದೆ, ಷಟ್‌ಸ್ಥಲದಲ್ಲಿ ಪ್ರಸಾದಿ ಎಂಬ ಸ್ಥಲವಿದೆ. ‘ನಂಬಿಕೆ’ಯಂತೂ ಅಚ್ಚಗನ್ನಡ. ಪೌಲನ ‘ಪಿಸ್ತಿಸ್’ ಎಂಬುದಕ್ಕೆ ವಿಶ್ವಾಸ, ನಿಷ್ಠೆ, ಭರವಸೆ ಎಲ್ಲ ಅರ್ಥಗಳೂ ಇವೆ. ನಮ್ಮ ‘ನಂಬು’ವಿನಲ್ಲೂ ಇವೆ. ಅಂಗಡಿಯವನು ನಂಬಿಗೆಯ ಮೇಲೆ ಉದ್ರಿ ಕೊಡುತ್ತಾನೆ. ಅಲ್ಲಿ ನಂಬುವುದೆಂದರೆ ಒಂದು ಹೇಳಿಕೆಯನ್ನು ಒಪ್ಪುವುದಲ್ಲ, ಒಬ್ಬ ಮನುಷ್ಯನ ಮೇಲೆ ಭಾರ ಹಾಕುವುದು.

ಇನ್ನು, ಈ ಜಗಳ ಕನ್ನಡಕ್ಕೆ ಹೊರಗಿನಿಂದ ಬಂದದ್ದು ಎಂದುಕೊಳ್ಳಬೇಕಿಲ್ಲ. ವಚನಗಳಲ್ಲೇ ಎರಡೂ ದನಿ ಇವೆ. ಶಿವ ತಾನಾಗಿ ಒಲಿದ ಎಂದು ಬೆರಗಾಗುವವರಿದ್ದಾರೆ. ‘ಆಚಾರವೇ ಪ್ರಾಣವಾದ ರಾಮೇಶ್ವರಲಿಂಗ’ ಎಂದು ಅಂಕಿತವನ್ನೇ ಇಟ್ಟುಕೊಂಡು ವ್ರತ ತಪ್ಪಿದವರನ್ನು ಕ್ಷಮಿಸದ ಅಕ್ಕಮ್ಮನೂ ಇದ್ದಾಳೆ. ಶ್ರೀವೈಷ್ಣವರು ಇದಕ್ಕೆ ಎರಡು ಪ್ರಾಣಿಗಳನ್ನು ಹುಡುಕಿಕೊಂಡರು. ಮಂಗನ ಮರಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಹಿಡಿದಿರಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ವಡಗಲೆ ತೆಂಗಲೆಗಳ ನಡುವಿನ ಈ ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯಗಳು ಪೌಲನಿಗೂ ಅರ್ಥವಾಗುತ್ತಿದ್ದವು ಅನಿಸುತ್ತದೆ.

ಚಿಗವ್ವನಿಗೆ ಇದರಲ್ಲಿ ಅರ್ಧದಷ್ಟನ್ನು, ಅವಳಿಗೆ ಬೇಕಾದಷ್ಟನ್ನು, ಹೇಳಿದೆ. ಅವಳು ಸೇಂಗಾ ಸುಲಿಯುತ್ತ ಕೇಳಿಸಿಕೊಂಡಳು. ಆಮೇಲೆ ಹೇಳಿದಳು: “ಅವ ತೀರಿಸಿದ್ರ ಯಲ್ಲವ್ವನ ಬಾಕಿ ಹೋತು ಖರೆ. ಅವಂದು ಬಾಕಿ ಹತ್ತಲಿಲ್ಲೇನು ತಮ್ಮಾ? ಸಾವಕಾರ ಬದಲಾದ. ಸಾಲ ಎಲ್ಲಿ ಹೋತು?”

ಇದು ಹಾರಿಸಿಬಿಡುವ ಪ್ರಶ್ನೆಯಲ್ಲ. ಹಳ್ಳಿಯಲ್ಲಿ ಪುಕ್ಕಟೆ ಎಂಬುದೇ ಇಲ್ಲ. ಮದುವೆಗೆ ಯಾರು ಯಾವ ಸೀರೆ ಕೊಟ್ಟರು, ಯಾವ ಪಾತ್ರೆ ತಂದರು ಎಂದು ವಹಿಯಲ್ಲಿ ಬರೆದಿಡುತ್ತಾರೆ. ಅವರ ಮನೆಯ ಮದುವೆಗೆ ಅದನ್ನು ನೋಡಿಯೇ ತಿರುಗಿ ಕೊಡುತ್ತಾರೆ. ಅದೇ ಮುಯ್ಯಿ. ಒಂದು ದಿನ ನಿನ್ನ ಹೊಲಕ್ಕೆ ನಾನು, ಒಂದು ದಿನ ನನ್ನ ಹೊಲಕ್ಕೆ ನೀನು, ಅದು ಮುಯ್ಯಾಳು. ಸೇಡು ತೀರಿಸಿಕೊಳ್ಳುವುದಕ್ಕೂ ಮುಯ್ಯಿ ಎಂದೇ ಹೆಸರು. ಕೊಟ್ಟಿದ್ದು ತಿರುಗಿ ಬರಲೇಬೇಕು, ಒಳ್ಳೆಯದಾಗಲಿ ಕೆಟ್ಟದ್ದಾಗಲಿ. ಪೌಲನ ಕಾಲದ ರೋಮ್ ಸಾಮ್ರಾಜ್ಯವೂ ಹೀಗೇ ಇತ್ತು. ಜಾನ್ ಬಾರ್ಕ್ಲೆ 2015ರಲ್ಲಿ ಪ್ರಕಟಿಸಿದ ‘ಪಾಲ್ ಅಂಡ್ ದ ಗಿಫ್ಟ್’ ಎಂಬ ಪುಸ್ತಕದ ವಾದ ಇದೇ: ಅಂದಿನ ಜನ ಕೊಡುವ ಮುಂಚೆ ತಕ್ಕವನೇ ಎಂದು ನೋಡುತ್ತಿದ್ದರು, ಪಾತ್ರನಿಗೆ ಕೊಟ್ಟರೆ ಮಾತ್ರ ಅದು ಒಳ್ಳೆಯ ದಾನ. ಪೌಲ ಹೇಳಿದ ಹೊಸ ಮಾತೆಂದರೆ ದೇವರು ಪಾತ್ರಾಪಾತ್ರ ನೋಡದೆ ಕೊಟ್ಟ ಎಂಬುದು. ಹಾಗೆಂದು ಕೊಡುಗೆ ಪಡೆದವನು ಇದ್ದ ಹಾಗೇ ಇರಬಹುದು ಎಂದು ಪೌಲ ಹೇಳಲಿಲ್ಲ. ಯೋಗ್ಯತೆ ಇಲ್ಲದವನಿಗೆ ಕೊಟ್ಟದ್ದು ನಿಜ, ಆದರೆ ಅದು ಅವನನ್ನು ಬದಲಿಸುತ್ತದೆ ಎಂಬ ನಿರೀಕ್ಷೆಯೂ ನಿಜ. ಹೊಸ ಒಡಂಬಡಿಕೆಯಲ್ಲೇ ಯಾಕೋಬನ ಹೆಸರಿನ ಪತ್ರವೊಂದು, ಕೆಲಸವಿಲ್ಲದ ನಂಬಿಕೆ ಸತ್ತದ್ದು ಎಂದು ವಾದಿಸುತ್ತದೆ. ಹಿಟ್ಲರನ ಜರ್ಮನಿಯಲ್ಲಿ ಪಾದ್ರಿ ಡೀಟ್ರಿಶ್ ಬೊನ್‌ಹಾಫರ್ 1937ರಲ್ಲಿ ಅಗ್ಗದ ಕೃಪೆಯ ಬಗ್ಗೆ ಬರೆದ. ಎಲ್ಲ ಕ್ಷಮಿಸಲಾಗಿದೆ ಎಂದು ಹಾಡಿ ಮನೆಗೆ ಹೋಗುವ, ಬೀದಿಯಲ್ಲಿ ನಡೆಯುವ ಅನ್ಯಾಯ ನೋಡದ ಭಕ್ತಿಯ ಬಗ್ಗೆ. ಚಿಗವ್ವನ ಪ್ರಶ್ನೆ ಇವರೆಲ್ಲರ ಪ್ರಶ್ನೆ. ಕೊಡುಗೆ ಸಾಲವಾಗದೆ ಉಳಿಯುವುದು ಹೇಗೆ?

ಕರ್ನಾಟಕದ ಚರಿತ್ರೆಯಲ್ಲಿ ಅದು ಹಲವು ಸಲ ಸಾಲವಾಯಿತು. ಬೆಳಗಾವಿಗೆ ಲಂಡನ್ ಮಿಷನ್ 1820ರಲ್ಲಿ ಬಂತು, ಧಾರವಾಡಕ್ಕೆ ಬಾಸೆಲ್ ಮಿಷನ್ 1837ರಲ್ಲಿ. ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳಲ್ಲಿ ಠಾಣೆಗಳಾದವು. ಆ ಮೊದಲ ವರ್ಷಗಳಲ್ಲಿ ಕಾಲಜ್ಞಾನಿಗಳೆಂಬ ಒಂದು ಪಂಥದವರು ಮಿಷನರಿಗಳನ್ನು ಹುಡುಕಿಕೊಂಡು ಬಂದರು. ತಮ್ಮ ಕಾಲಜ್ಞಾನದಲ್ಲಿ ಹೇಳಿದ ಬಿಡುಗಡೆ ಈ ಪಡುವಣದವರ ಮೂಲಕ ಬಂದೀತೆಂದು ಅವರ ಆಸೆ. ಮಿಷನರಿಗಳಿಗೂ ಸಾವಿರಾರು ಜನ ಬಂದಾರೆಂಬ ಆಸೆ. 1841ರಲ್ಲಿ ಗದಗಿನ ಹತ್ತಿರ ಮಲಸಮುದ್ರದಲ್ಲಿ ಅವರಿಗಾಗಿಯೇ ಭೂಮಿ ಹಿಡಿದು ಒಂದು ವಸಾಹತು ಮಾಡಿದರು. ಬಂದವರು ಬೆರಳೆಣಿಕೆಯಷ್ಟು. ಒಬ್ಬರು ಕಾಯುತ್ತಿದ್ದುದು ಬರಲಿರುವ ರಾಜ್ಯವನ್ನು; ಇನ್ನೊಬ್ಬರು ಕೊಡಲು ಬಂದದ್ದು ಪಾಪಕ್ಷಮೆ, ಉಳುಮೆ, ಶಿಸ್ತು. ಎರಡೂ ಕೂಡಲಿಲ್ಲ.

ಶಿಸ್ತು ಎಂಬ ಮಾತನ್ನು ಬೇಕೆಂದೇ ಬಳಸಿದೆ. ಕೃಪೆಯಿಂದಲೇ ರಕ್ಷಣೆ ಎಂದು ಸಾರಿದ ಬಾಸೆಲ್ ಮಿಷನ್ನಿನ ಸಭೆಗಳು ನಿಯಮಗಳಿಗೆ ಹೆಸರಾದವು. ಕೆಲಸದ ಹೊತ್ತು, ಪ್ರಾರ್ಥನೆಯ ಹೊತ್ತು, ಮದುವೆಗೆ ಕಟ್ಟಳೆ, ತಪ್ಪಿದವರನ್ನು ಸಭೆಯಿಂದ ಹೊರಗಿಡುವ ಪದ್ಧತಿ. ಬೆಳಗಾವಿಯ ಲಂಡನ್ ಮಿಷನ್ನಿನ ಕೆಲಸವನ್ನು 1904ರಲ್ಲಿ ಮೆಥಡಿಸ್ಟರು ವಹಿಸಿಕೊಂಡರು. ಅವರ ಮೂಲಪುರುಷ ಜಾನ್ ವೆಸ್ಲಿಗೆ 1738ರ ಮೇ 24ರ ಸಂಜೆ ಲಂಡನ್ನಿನಲ್ಲಿ, ರೋಮಾಪುರದ ಪತ್ರಕ್ಕೆ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿರುವಾಗ, ಎದೆ ಬೆಚ್ಚಗಾಯಿತಂತೆ. ಆದರೆ ಮೆಥಡಿಸ್ಟ್ ಎಂಬ ಹೆಸರು ಬಂದದ್ದು ಅದಕ್ಕೂ ಮೊದಲು, ಅವನೂ ಅವನ ಗೆಳೆಯರೂ ಆಕ್ಸ್‌ಫರ್ಡಿನಲ್ಲಿ ಗಡಿಯಾರ ನೋಡಿ ನೇಮ ಮಾಡುತ್ತಿದ್ದುದನ್ನು ಕಂಡು ಜನ ಹಾಕಿದ ಗೇಲಿಯಿಂದ. ಕೃಪೆಯನ್ನು ಸಾರುವ ಸಭೆಗೆ ನೇಮದ ಹೆಸರೇ ಉಳಿಯಿತು.

ಆದರೂ ಆ ನಿಯಮಗಳಲ್ಲಿ ಒಂದನ್ನು ನಾನು ತಳ್ಳಿಹಾಕಲಾರೆ: ಜಾತಿ ಬಿಟ್ಟು ಒಂದೇ ಪಂಕ್ತಿಯಲ್ಲಿ ಉಣ್ಣಬೇಕು ಎಂಬುದು. ಮಿಷನ್‌ಗಳೆಲ್ಲ ಇದರಲ್ಲಿ ಗಟ್ಟಿಯಾಗಿರಲಿಲ್ಲ. ತಮಿಳುನಾಡಿನ ಹಳೆಯ ಸಭೆಗಳಲ್ಲಿ ಜಾತಿಯಂತೆ ಬೇರೆ ಕೂರುವ ರೂಢಿ ಎಷ್ಟು ಬೇರೂರಿತ್ತೆಂದರೆ, 1833ರಲ್ಲಿ ಕಲ್ಕತ್ತೆಯ ಬಿಷಪ್ ಡ್ಯಾನಿಯಲ್ ವಿಲ್ಸನ್ ಅದನ್ನು ನಿಲ್ಲಿಸಿ ಎಂದು ಸುತ್ತೋಲೆ ಹೊರಡಿಸಬೇಕಾಯಿತು. ಬಾಸೆಲ್‌ನವರು ಮೊದಲಿನಿಂದ ಜಾತಿಯನ್ನು ಒಪ್ಪಲಿಲ್ಲ. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಬ್ರಾಹ್ಮಣ ಆನಂದರಾವ್ ಕೌಂಡಿನ್ಯ ಮುಂದೆ ಅದೇ ಮಿಷನ್ನಿನ ಪಾದ್ರಿಯಾದರು. ಮನೆ, ಮಠ, ಪಂಕ್ತಿ ಎಲ್ಲ ಕಳೆದುಕೊಂಡೇ ಆದರು. ಅಂತಿಯೋಕ್ಯದಲ್ಲಿ ಪೇತ್ರ ಎದ್ದು ಹೋದ ಜಾಗದಲ್ಲಿ ಇಲ್ಲಿ ಕೆಲವರು ಕೂತರು. ಇದೂ ನಿಯಮವೇ, ಆದರೆ ಕೊಡುಗೆಯ ನಂತರ ಬಂದ ನಿಯಮ.

ದಲಿತ ಕೇರಿಗಳಿಂದ ಬಂದವರಿಗೆ ಲೆಕ್ಕ ಬೇರೆಯೇ ಇತ್ತು. ಜಾತಿಯ ಧರ್ಮಶಾಸ್ತ್ರದ ಮುಂದೆ ಅವರು ಯೋಗ್ಯತೆಯ ಪರೀಕ್ಷೆಗೆ ಕೂರಲೂ ಅನರ್ಹರು. ಯೋಗ್ಯತೆಯನ್ನೇ ಕೇಳದ ದೇವರು ಎಂಬ ಸುದ್ದಿ ಅವರಿಗೆ ಸಿದ್ಧಾಂತವಾಗಿ ಕೇಳಿಸಿರಲಾರದು. ಆದರೆ ಸ್ವತಂತ್ರ ಭಾರತದ ಒಂದು ಕಾಗದ ಅದಕ್ಕೂ ಬೆಲೆ ಕಟ್ಟಿತು. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂ ಅಲ್ಲದವರು ಪರಿಶಿಷ್ಟ ಜಾತಿಯವರಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು. ದೀಕ್ಷಾಸ್ನಾನದ ನೀರು ಕೇರಿಯನ್ನು ಊರೊಳಗೆ ತರಲಿಲ್ಲ, ಬಾವಿಯನ್ನು ತೆರೆಸಲಿಲ್ಲ. ಸರ್ಟಿಫಿಕೇಟನ್ನು ಮಾತ್ರ ತೊಳೆದುಹಾಕಿತು. ಪುಕ್ಕಟೆ ಸಿಕ್ಕ ಕೃಪೆಗೆ ಮಗನ ಸ್ಕಾಲರ್‌ಶಿಪ್ಪು ತೆತ್ತವರಿದ್ದಾರೆ. ಚಿಗವ್ವನ ಗೆಳತಿ ಕೂಟಕ್ಕೆ ಹೋಗುವುದನ್ನು ಓಣಿಯಲ್ಲಿ ಜೋರಾಗಿ ಹೇಳದ್ದಕ್ಕೆ ಇದೂ ಒಂದು ಕಾರಣ.

ಸಾವಕಾರ ಬದಲಾದ, ಸಾಲ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ನಾನು ಪೌಲನಿಂದ ಉತ್ತರ ಕೊಡಲಿಲ್ಲ. ಮತ್ತಾಯನ ಸುವಾರ್ತೆಯಲ್ಲಿ ಯೇಸು ಹೇಳಿದ ಒಂದು ಕತೆಯನ್ನು ಓದಿದೆ. ದ್ರಾಕ್ಷಿತೋಟದ ಯಜಮಾನನೊಬ್ಬ ಬೆಳಿಗ್ಗೆ ಕೂಲಿಯವರನ್ನು ಕರೆಯುತ್ತಾನೆ, ದಿನಕ್ಕಿಷ್ಟು ಎಂದು ಮಾತಾಗುತ್ತದೆ. ಮಧ್ಯಾಹ್ನ ಇನ್ನಷ್ಟು ಜನರನ್ನು, ಹೊತ್ತು ಮುಳುಗಲು ಒಂದು ತಾಸಿರುವಾಗ ಮತ್ತಷ್ಟು ಜನರನ್ನು ಕರೆಯುತ್ತಾನೆ. ಸಂಜೆ ಎಲ್ಲರಿಗೂ ಒಂದೇ ಕೂಲಿ. ಬೆಳಿಗ್ಗೆಯಿಂದ ಬಿಸಿಲು ತಿಂದವರು ಗೊಣಗುತ್ತಾರೆ.

ಚಿಗವ್ವ ಮೂವತ್ತು ವರ್ಷ ಕೂಲಿ ಮಾಡಿದವಳು. ಕತೆ ಮುಗಿಯುವ ಮೊದಲೇ “ಸಿಟ್ಟು ಬರೂದು ಬರೋಬ್ಬರಿ ಐತಿ” ಎಂದಳು. ಮುಂಜಾನೆಯಿಂದ ಕಳೆ ತೆಗೆದವಳಿಗೂ ಸಂಜೆ ಬಂದವಳಿಗೂ ಒಂದೇ ಪಗಾರ ಎಂದರೆ ಯಾರು ಒಪ್ಪುತ್ತಾರೆ? ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಕೇಳಿದಳು, ಕಡೆಗೆ ಬಂದವರು ಅಲ್ಲಿಯವರೆಗೆ ಎಲ್ಲಿದ್ದರು ಎಂದು. ಸಂತೆಯ ಬಯಲಿನಲ್ಲೇ ನಿಂತಿದ್ದರು, ಯಾರೂ ಕರೆಯಲಿಲ್ಲ ಎಂದು ಕತೆಯಲ್ಲಿದೆ ಎಂದೆ. “ಹಂಗಾರ ದಿನಾ ಪೂರ್ತಿ ಕೆಲಸಾ ಸಿಗದ ನಿಂತಾರ ಅವರು. ನಿಂದ್ರೂದು ಕೆಲಸಾ ಮಾಡೂದ್ಕಿಂತ ಕೆಟ್ಟ ತಮ್ಮಾ. ಅವರ ಮನ್ಯಾಗೂ ಅವತ್ತ ರೊಟ್ಟಿ ಆಗಬೇಕಲ್ಲ. ಅವ ಪಗಾರ ಲೆಕ್ಕಾ ಮಾಡಿಲ್ಲ, ರೊಟ್ಟಿ ಲೆಕ್ಕಾ ಮಾಡ್ಯಾನ” ಎಂದಳು.

ನಾನು ಓದಿದ ಯಾವ ಭಾಷ್ಯದಲ್ಲೂ ಇಷ್ಟು ನೇರವಾದ ಮಾತು ಸಿಕ್ಕಿಲ್ಲ. ಸಾಲದ ವಹಿಯಲ್ಲಿ ಒಬ್ಬನ ಹೆಸರು ಅಳಿಸಿ ಇನ್ನೊಬ್ಬನ ಹೆಸರು ಬರೆದರೆ ವಹಿ ಉಳಿದೇ ಇರುತ್ತದೆ. ಚಿಗವ್ವ ಮೊದಲು ಕೇಳಿದ್ದು ಅದನ್ನೇ. ಈ ಕತೆಯ ಯಜಮಾನ ತೆಗೆದದ್ದು ಬೇರೆ ವಹಿ. ಈ ಮನುಷ್ಯ ಎಷ್ಟು ದುಡಿದ ಎಂದಲ್ಲ, ಇವನ ಮನೆಯಲ್ಲಿ ಇವತ್ತು ಒಲೆ ಹತ್ತಬೇಕಾದರೆ ಎಷ್ಟು ಬೇಕು ಎಂದು ಅದರಲ್ಲಿದೆ. ರೊಟ್ಟಿಗೆ ಬಾಕಿ ಇರುವುದಿಲ್ಲ. ಉಂಡವನು ಮಾಡಬಹುದಾದದ್ದು ಇಷ್ಟೇ: ಪಕ್ಕದಲ್ಲಿ ಇನ್ನೊಬ್ಬ ಬಂದರೆ ಎದ್ದು ಹೋಗದೆ ಸ್ವಲ್ಪ ಸರಿದು ಜಾಗ ಕೊಡುವುದು. ಪೌಲ ಪೇತ್ರನ ಮೇಲೆ ಅಷ್ಟು ಸಿಟ್ಟಾದದ್ದು ಯಾಕೆಂದು ನನಗೆ ಅವತ್ತು ಇನ್ನಷ್ಟು ಸ್ಪಷ್ಟವಾಯಿತು.

ಚಿಗವ್ವ ಕೂಟಕ್ಕೆ ಹೋಗಲಿಲ್ಲ. ಹೋದ ಭರತ ಹುಣ್ಣಿಮೆಗೆ ಗುಡ್ಡಕ್ಕೆ ಹೋದಳು, ನಡೆದು ಅಲ್ಲ, ಬಸ್ಸಿನಲ್ಲಿ. ಆಪರೇಷನ್ ಆದ ಹೊಟ್ಟೆಯಲ್ಲಿ ದೀಡ ನಮಸ್ಕಾರ ಹಾಕಲಿಲ್ಲ, ಪರಡಿಯನ್ನಷ್ಟೇ ತುಂಬಿಸಿದಳು. ಬಾಕಿ ಮುಟ್ಟಿತೇನು ಎಂದು ಅವ್ವ ಕೇಳಿದರೆ, “ಬಾಕಿ ಅಂತ ಹೋಗಿರಲಿಲ್ಲ. ಆಕೀನ್ನ ನೋಡಬೇಕು ಅನಿಸ್ತು, ಹೋದೆ” ಎಂದಳಂತೆ. ಮಗನ ಕಾಲು ಈಗಲೂ ಚಳಿಗೆ ನೋಯುತ್ತದೆ. ಅದು ಯಾವ ಖಾತೆಗೆ ಹೋಗುತ್ತದೆಂದು ಅವಳು ಹೇಳಿಲ್ಲ, ನಾನೂ ಕೇಳಿಲ್ಲ.